ಹಾಡಿಗೆ ಅಂಟಿದ ನೆನಪು ಎಲ್ಲಿ ಉಳಿಯುತ್ತದೆ? ಕ್ಯಾಸೆಟ್, ಫೈಲ್, ಸ್ಟ್ರೀಮಿಂಗ್, ನೋಟ್‌ಬುಕ್: ನಾಲ್ಕನ್ನೂ ಬಳಸಿ ನೋಡಿದ ಮೇಲೆ

ನನ್ನ ಸಂಗ್ರಹದಲ್ಲಿ ಚೆನ್ನಾಗಿವೆ ಅಂತ ಇಟ್ಟುಕೊಂಡ ಹಾಡುಗಳು ಬೇರೆ, ಬಿಡಲಾಗದೆ ಇಟ್ಟುಕೊಂಡವು ಬೇರೆ. ಬಿಡಲಾಗದವು ಸುಮಾರು 30 ಇವೆ. ಒಂದು ಶುರುವಾದರೆ ಹಾಸ್ಟೆಲ್ಲಿನ ಮೊದಲ ರಾತ್ರಿ ಬಂದು ನಿಲ್ಲುತ್ತದೆ. ಇನ್ನೊಂದಕ್ಕೆ ಅಪ್ಪನ ಆಪರೇಷನ್ ಮುಗಿಯಲಿ ಅಂತ ಕಾದ ಕಬ್ಬಿಣದ ಬೆಂಚು. ಮತ್ತೊಂದಕ್ಕೆ, ಈಗ ಮಾತು ಬಿಟ್ಟಿರುವ ಗೆಳೆಯನೊಬ್ಬನ ನಗು. ಎರಡು ವರ್ಷದ ಹಿಂದೆ ಹಳೆಯ ಟೇಪ್ ರೆಕಾರ್ಡರ್ ಕೆಟ್ಟು ನಿಂತಾಗ ನಿಜಕ್ಕೂ ಹೆದರಿಕೆಯಾಯಿತು. ಹಾಡು ಹೇಗಾದರೂ ಸಿಗುತ್ತದೆ, ಅದರ ಜೊತೆಗಿದ್ದದ್ದು ಸಿಗುತ್ತದೆಯೇ? ಅದನ್ನು ರಿಪೇರಿ ಮಾಡಿಸಿದೆ. ಆಮೇಲೆ ಒಂದು ವರ್ಷ ಪೂರ್ತಿ ಆ 30 ಹಾಡುಗಳನ್ನು ಬೇರೆ ಬೇರೆ ರೀತಿಯಲ್ಲಿ ಇಟ್ಟು, ಕೇಳಿ, ಬರೆದು ನೋಡಿದೆ.

ಶಬ್ದದ ಗುಣಮಟ್ಟದ ಗೊಡವೆಗೆ ಹೋಗಲಿಲ್ಲ. ನಾನು ನೋಡಿದ್ದು ಎರಡೇ: ಹಾಡು ಹಾಕಿದಾಗ ನೆನಪು ತಾನಾಗಿ ಬರುತ್ತದೆಯೇ, ಮತ್ತು ಪದೇ ಪದೇ ಕೇಳಿದ ಮೇಲೂ ಅದೇ ನೆನಪು ಉಳಿಯುತ್ತದೆಯೇ.

ಕ್ಯಾಸೆಟ್‌ನಿಂದ ಶುರು ಮಾಡುತ್ತೇನೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇದೆ.

ನಮ್ಮ ಮನೆಯಲ್ಲಿ ರೇಡಿಯೋ ಬೇರೆ, ಟೇಪ್ ರೆಕಾರ್ಡರ್ ಬೇರೆ ಇದ್ದವು. ಎರಡನ್ನೂ ಎದುರುಬದುರು ಇಟ್ಟು, ಹಾಡು ಬರುವ ಹೊತ್ತಿಗೆ ರೆಕಾರ್ಡ್ ಮತ್ತು ಪ್ಲೇ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಒಳಗಿನ ಮೈಕ್ ಹಾಡಿನ ಜೊತೆ ಕೋಣೆಯನ್ನೂ ಹಿಡಿಯುತ್ತಿತ್ತು. ನನ್ನ ಒಂದು ಸಿ-60, ಅಂದರೆ 60 ನಿಮಿಷದ ಕ್ಯಾಸೆಟ್‌ನಲ್ಲಿ ಎರಡನೇ ಹಾಡಿನ ಪಲ್ಲವಿ ಮುಗಿದು ಕೊಳಲು ಶುರುವಾಗುವಲ್ಲಿ ಅಮ್ಮನ ದನಿ ಇದೆ: "ಬಾಗಿಲು ಹಾಕ್ಕೋ, ಮಳೆ ಒಳಗೆ ಬರ್ತಿದೆ." ಆಮೇಲೆ ಚಿಲಕದ ಸದ್ದು, ನಾನು ವಾಪಸ್ ಓಡಿ ಬಂದ ಕಾಲಿನ ಸದ್ದು. ಅಂದು ರೆಕಾರ್ಡಿಂಗ್ ಹಾಳಾಯಿತು ಅಂತ ಅತ್ತಿದ್ದೆ. ಇವತ್ತು ನನ್ನ ಹತ್ತಿರ ಇರುವ ಅಮ್ಮನ ಆ ಕಾಲದ ದನಿ ಅದೊಂದೇ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಾಗ ಅದನ್ನು ಮುಖ್ಯವಾಗಿ ಮಾತು ಹಿಡಿದಿಡುವ ಸಾಧನವಾಗಿಯೇ ಯೋಚಿಸಿತ್ತು, ಸಂಗೀತ ಆಮೇಲೆ ಬಂತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಚಿಲಕದ ಸದ್ದು.

ಇಲ್ಲಿ ನೆನಪು ನನ್ನ ತಲೆಯಲ್ಲಷ್ಟೇ ಇಲ್ಲ, ಟೇಪಿನಲ್ಲೇ ಇದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ, 3.81 ಮಿಲಿಮೀಟರ್ ಅಗಲದ ಪಟ್ಟಿ ಅದು. ಲೆಕ್ಕ ಹಾಕಿದರೆ ಅರ್ಧ ಗಂಟೆಯ ಒಂದು ಬದಿಗೆ ಸುಮಾರು 86 ಮೀಟರ್. ಅಮ್ಮನ ಆ ಒಂದು ಮಾತಿಗೆ ಒಂದು ಗೇಣೂ ಪೂರ್ತಿ ಬೇಕಾಗಿಲ್ಲ.

ಕ್ಯಾಸೆಟ್‌ನ ಇನ್ನೊಂದು ಬಲ ಹಾಡುಗಳ ಸಾಲು. ಮೂರನೆಯದು ಮುಗಿದು ಟೇಪಿನ ಸುಯ್ ಸದ್ದಷ್ಟೇ ಉಳಿದಾಗ ನಾಲ್ಕನೆಯದು ಮನಸ್ಸಿನಲ್ಲಿ ಆಗಲೇ ಶುರುವಾಗಿರುತ್ತದೆ. ಅದೇ ಹಾಡನ್ನು ಬೇರೆ ಕಡೆ ಕೇಳಿದರೂ ಮುಗಿದ ತಕ್ಷಣ ನನ್ನ ಕಿವಿ ನಾಲ್ಕನೆಯದಕ್ಕೆ ಕಾಯುತ್ತದೆ. ನೆನಪುಗಳೂ ಹೀಗೇ ಒಂದರ ಕೈ ಒಂದು ಹಿಡಿದು ಬರುತ್ತವೆ. ಫಾರ್ವರ್ಡ್ ಮಾಡುವುದು ತಾಪತ್ರಯವಾದ್ದರಿಂದ, ಇಷ್ಟವಿಲ್ಲದ ಹಾಡನ್ನೂ ಕೇಳುತ್ತಿದ್ದೆವು. ಹಾಗೆ ಕೇಳಿದ ಒಂದು ಹಾಡಿಗೇ ಈಗ ನನ್ನ ಅತಿ ಗಟ್ಟಿಯಾದ ನೆನಪು ಅಂಟಿದೆ.

ಕಷ್ಟಗಳು ಕಡಿಮೆಯೇನಿಲ್ಲ. ಟೇಪಿನ ದನಿ ಓದುವ ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿದರೆ ದನಿ ಮಂಕಾಗುತ್ತದೆ. ಯಂತ್ರದ ಬೆಲ್ಟ್ ಸಡಿಲವಾದರೆ ಗಾಯಕಿಯ ಶ್ರುತಿ ಇಳಿಯುತ್ತದೆ. ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ಕಾಂತೀಯ ಅಚ್ಚು ಪಕ್ಕದ ಸುತ್ತಿಗೆ ಇಳಿದು, ಹಾಡು ಶುರುವಾಗುವ ಮುಂಚೆಯೇ ಅದರ ನೆರಳಿನಂಥ ದನಿ ಕೇಳಿಸುತ್ತದೆ. ಈ ವರ್ಷದ ಪ್ರಯೋಗದಲ್ಲೇ ಒಂದು ಕ್ಯಾಸೆಟ್ ಸಿಕ್ಕಿಕೊಂಡು ಒಂದು ಮೊಳ ಟೇಪ್ ಸುಕ್ಕಾಯಿತು. ಪೆನ್ಸಿಲ್ ಹಾಕಿ ಸುತ್ತುವಾಗ ಕೈ ನಡುಗುತ್ತಿತ್ತು. ನಿಮ್ಮ ಮನೆಯಲ್ಲಿ ಹೀಗೆ ಮನೆಯವರ ದನಿ ಇರುವ ಕ್ಯಾಸೆಟ್ ಇದ್ದರೆ ಇವತ್ತೇ ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಮೇಲೆ ಯಾರೂ ಗೊತ್ತಿಲ್ಲದೆ ಅದರ ಮೇಲೆ ಬೇರೆಯದನ್ನು ರೆಕಾರ್ಡ್ ಮಾಡಲಾರರು.

ಹಾಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. 60 ನಿಮಿಷದ ಕ್ಯಾಸೆಟ್ ಇಳಿಸಲು 60 ನಿಮಿಷವೇ ಬೇಕು, ಬೇಗ ಓಡಿಸಲಾಗದು. ಪಕ್ಕದಲ್ಲಿ ಕೂತು ಕೇಳಿದ ಆ ಸಂಜೆಗಳಲ್ಲಿ ಮರಳಿ ಬಂದಷ್ಟು ನೆನಪು ವರ್ಷದ ಉಳಿದ ದಿನಗಳಲ್ಲಿ ಬರಲಿಲ್ಲ.

ಫೈಲ್‌ಗಳಲ್ಲಿ ನನಗೆ ಹಿಡಿಸಿದ್ದು ಟ್ಯಾಗ್, ಅಂದರೆ ಹಾಡಿನ ಹೆಸರು, ಗಾಯಕರು, ಟಿಪ್ಪಣಿ ಇವನ್ನೆಲ್ಲ ಫೈಲಿನೊಳಗೇ ಬರೆದಿಡುವ ಜಾಗ. 1996ರಲ್ಲಿ ಬಂದ, ಎಂಪಿ3 ಹಾಡುಗಳ ಮೊದಲ ಐಡಿ3 ಟ್ಯಾಗ್ ಫೈಲಿನ ಕೊನೆಗೆ ಅಂಟುವ ಬರೀ 128 ಬೈಟ್. ಅದರಲ್ಲಿ ಟಿಪ್ಪಣಿಗೆ 30 ಬೈಟ್. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳನ್ನೂ ಸಂಕೇತವಾಗಿ ಬರೆಯುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಸ್ವರಚಿಹ್ನೆಯೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಹತ್ತೇ ಸಂಕೇತ, "ಅಪ್ಪನ ಆಪರೇಷನ್" ಅಂತ ಪೂರ್ತಿ ಬರೆಯಲೂ ಸಾಲದು. 1998ರ ಎರಡನೇ ಆವೃತ್ತಿ ಈ ಬೇಲಿಯನ್ನು ತೆಗೆಯಿತು. ಈಗ ಟಿಪ್ಪಣಿಯಲ್ಲಿ ಪುಟಗಟ್ಟಲೆ ಬರೆಯಬಹುದು, ಅದು ಹಾಡಿನ ಒಳಗೇ ಇರುತ್ತದೆ, ಫೈಲ್ ಹೋದಲ್ಲಿಗೆ ಹೋಗುತ್ತದೆ. 30ಕ್ಕೂ ಬರೆದೆ: ಯಾವಾಗ, ಯಾರ ಜೊತೆ, ಏನಾಗಿತ್ತು.

ಆದರೆ ನನ್ನ ಫೋನಿನ ಪ್ಲೇಯರ್ ಆ ಟಿಪ್ಪಣಿಯನ್ನು ತೋರಿಸುವುದೇ ಇಲ್ಲ, ಕಂಪ್ಯೂಟರಿನಲ್ಲಿ ತೆರೆದೇ ಓದಬೇಕು. ಇದಕ್ಕಿಂತ ನೋವಾದದ್ದು ತಾರೀಖಿನ ವಿಷಯ. ಯಾವ ಹಾಡು ನನ್ನ ಹತ್ತಿರ ಯಾವತ್ತು ಬಂತು ಅನ್ನುವುದಕ್ಕೆ ಫೈಲ್ ರಚನೆಯಾದ ದಿನವೇ ನನ್ನ ದಿನಚರಿಯಾಗಿತ್ತು. ಹೊಸ ಡಿಸ್ಕಿಗೆ ಕಾಪಿ ಮಾಡಿದ ದಿನ ಸಾವಿರಾರು ಹಾಡುಗಳೂ ಅದೇ ದಿನ ಹುಟ್ಟಿದವೆಂದು ತೋರಿಸತೊಡಗಿದವು. ಹತ್ತು ವರ್ಷದ ದಿನಚರಿ ಒಂದೇ ಮಧ್ಯಾಹ್ನ ಹೋಯಿತು. ತಾರೀಖು ಮುಖ್ಯವಾಗಿದ್ದರೆ ಟ್ಯಾಗಿನೊಳಗೇ ಬರೆದಿಡಿ.

ಸ್ಟ್ರೀಮಿಂಗ್ ಅನ್ನು ನಾನು ದೂರ ಇಟ್ಟವನಲ್ಲ, ದಿನಾ ಬಳಸುತ್ತೇನೆ. ಹಂಚಿಕೊಳ್ಳಲು ಅದರಷ್ಟು ಸಲೀಸು ಬೇರೆ ಯಾವುದೂ ಇಲ್ಲ. ಅಕ್ಕನಿಗೆ ಒಂದು ಲಿಂಕ್ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವಳ ಉತ್ತರ: "ಇದು ನೀನು ಕೈ ಮುರ್ಕೊಂಡ ದಿನ ಓಡ್ತಿದ್ದ ಹಾಡು ಕಣೋ." ನನಗೆ ಅದು ಮಳೆಗಾಲದ ರಜೆಯ ಹಾಡು. ಇಬ್ಬರ ಬಳಿ ಒಂದೇ ಹಾಡಿಗೆ ಎರಡು ನೆನಪು ಇದ್ದದ್ದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅದಕ್ಕೆ ನಾನು ಸ್ಟ್ರೀಮಿಂಗ್‌ಗೇ ಋಣಿ.

ಆದರೂ ನೆನಪು ಕಾಯುವ ಕೆಲಸಕ್ಕೆ ಅದನ್ನು ನಂಬಬೇಡಿ. ಹಕ್ಕಿನ ಒಪ್ಪಂದ ಮುಗಿದರೆ ಹಾಡು ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಹಾಡುವುದಿಲ್ಲ. ನನ್ನ ಪಟ್ಟಿಯ ಎರಡು ಹಾಗೆ ಹೋದವು. ಇನ್ನೊಂದರ ಮೂಲ ಧ್ವನಿಮುದ್ರಣದ ಬದಲು ಹೊಸದಾಗಿ ಹಾಡಿದ್ದು ಮಾತ್ರ ಸಿಕ್ಕಿತು. ಅದೇ ಸಾಹಿತ್ಯ, ಅದೇ ರಾಗ, ನೆನಪು ಮಾತ್ರ ಕದಲಲಿಲ್ಲ.

ನಿಜವಾದ ತೊಂದರೆ ಸುಲಭವಾಗಿ ಸಿಗುವುದರಲ್ಲೇ ಇದೆ. ಬೇಕೆಂದೇ ಮೂರು ಹಾಡುಗಳನ್ನು ದಿನದ ವಾಕಿಂಗ್ ಪಟ್ಟಿಗೆ ಸೇರಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ಅವುಗಳಲ್ಲಿ ಒಂದು ಹಾಕಿದರೆ ಕಬ್ಬಿಣದ ಬೆಂಚು ಬರುವುದು ನಿಂತು, ನಾನು ನಡೆಯುವ ರಸ್ತೆಯ ತಿರುವು ಬರತೊಡಗಿತು. ಮನಶ್ಶಾಸ್ತ್ರದಲ್ಲಿ ಇದು ಗೊತ್ತಿರುವ ಸಂಗತಿ: ಒಂದೇ ಸುಳಿವಿಗೆ ಹತ್ತಾರು ಸಂದರ್ಭಗಳನ್ನು ಕಟ್ಟಿದರೆ ಅದು ಯಾವೊಂದನ್ನೂ ಗಟ್ಟಿಯಾಗಿ ಎಳೆದು ತರಲಾರದು. ಪ್ರಯೋಗ ಅಂತ ಮಾಡಿದ್ದಕ್ಕೆ ಈಗಲೂ ಪಶ್ಚಾತ್ತಾಪವಿದೆ. ಆ ಹಾಡನ್ನು ಎಂಟು ತಿಂಗಳಿಂದ ಮುಟ್ಟಿಲ್ಲ. ಬೆಂಚು ವಾಪಸ್ ಬರಬಹುದು ಅಂತ ಕಾಯುತ್ತಿದ್ದೇನೆ.

ಸ್ಟ್ರೀಮಿಂಗ್‌ಗೆ ಅನ್ಯಾಯವಾಗಬಾರದು, ಇದನ್ನೂ ಹೇಳಬೇಕು. ಜನರಿಗೆ ಸುಮಾರು 10ರಿಂದ 30ರ ವಯಸ್ಸಿನ ನಡುವಿನ ನೆನಪುಗಳೇ ಹೆಚ್ಚು ದಟ್ಟವಾಗಿ ಉಳಿಯುತ್ತವೆ ಎಂದು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ನನ್ನ ಆ ವಯಸ್ಸಿನ ಬಹುಪಾಲು ಕ್ಯಾಸೆಟ್‌ನಲ್ಲಿ ಕಳೆಯಿತು. ಇವತ್ತು ಹದಿನಾರರಲ್ಲಿರುವವರಿಗೆ ಅವರ ಪ್ಲೇಲಿಸ್ಟೇ ಕ್ಯಾಸೆಟ್ ಆಗಿರಬಹುದು.

ನೋಟ್‌ಬುಕ್ ಬಗ್ಗೆ ಚಿಕ್ಕದಾಗಿ. ಅದರಲ್ಲಿ ದನಿಯಿಲ್ಲ, ಆದರೆ ನನ್ನ ತಪ್ಪು ಹಿಡಿದದ್ದು ಅದೊಂದೇ. ಪ್ರತಿ ಹಾಡು ಕೇಳುವ ಮೊದಲು ನೆನಪಿದ್ದದ್ದನ್ನು ಎಡಪುಟದಲ್ಲಿ ಬರೆದೆ, ಕೇಳಿ ವಿಚಾರಿಸಿದ ಮೇಲೆ ಬಲಪುಟದಲ್ಲಿ. ಹಾಸ್ಟೆಲ್ಲಿನ ಮೊದಲ ರಾತ್ರಿಯ ಹಾಡು ಅಂತ ಆಣೆ ಮಾಡಿ ಹೇಳುತ್ತಿದ್ದದ್ದು, ಕ್ಯಾಸೆಟ್ ಡಬ್ಬಿಯ ಕಾರ್ಡಿನಲ್ಲಿ ನನ್ನದೇ ಅಕ್ಷರದಲ್ಲಿರುವ ತಾರೀಖಿನ ಪ್ರಕಾರ, ಹಾಸ್ಟೆಲ್ ಬಿಟ್ಟ ಮೇಲೆ ರೆಕಾರ್ಡ್ ಮಾಡಿದ್ದು. ಆ ರಾತ್ರಿಗೆ ಆ ಹಾಡನ್ನು ನಾನೇ ಯಾವಾಗಲೋ ಜೋಡಿಸಿಕೊಂಡಿದ್ದೆ. ಆದರೂ ಹಾಡು ಹಾಕಿದರೆ ಆ ರಾತ್ರಿಯೇ ಬರುತ್ತದೆ, ಟ್ರಂಕಿನ ಮೇಲೆ ಕೂತ ನಾನೂ ಬರುತ್ತೇನೆ. ಬಲಪುಟದಲ್ಲಿ ಸರಿಯಾದ ತಾರೀಖು ಬರೆದು, ಎಡಪುಟವನ್ನು ಹೊಡೆದುಹಾಕದೆ ಹಾಗೇ ಬಿಟ್ಟೆ.

ಈಗ ನನ್ನ ವ್ಯವಸ್ಥೆ ಹೀಗಿದೆ. ದಿನದ ಕೇಳುವಿಕೆಗೆ ಸ್ಟ್ರೀಮಿಂಗ್, ಆದರೆ ಆ 30 ಹಾಡುಗಳು ಅದರ ಯಾವ ಪಟ್ಟಿಯಲ್ಲೂ ಇಲ್ಲ. ಅವು ಟಿಪ್ಪಣಿ ಸಮೇತ ಫೈಲ್ ಆಗಿ ಎರಡು ಡಿಸ್ಕಿನಲ್ಲಿವೆ, ವರ್ಷಕ್ಕೆ ಎರಡೋ ಮೂರೋ ಸಲ ಕೇಳುತ್ತೇನೆ. ಒಂದನ್ನೇ ಆರಿಸು ಅಂದರೆ ಟಿಪ್ಪಣಿಯಿರುವ ಫೈಲ್ ಅನ್ನುತ್ತೇನೆ. ಮನೆಯವರ ದನಿ ಇದ್ದರೆ ಮಾತ್ರ ಕ್ಯಾಸೆಟ್ಟನ್ನೂ ಬಿಡಬೇಡಿ.

ಇಳಿಸುವಾಗ ಒಂದು ಹಾಡಿನ ವಿಷಯದಲ್ಲಿ ಮಾತ್ರ ಗೊಂದಲವಾಯಿತು. ಅದು ಬಿ ಬದಿಯ ಕೊನೆಯದು. ಎರಡನೇ ಚರಣದ ನಡುವೆ ಟೇಪ್ ಮುಗಿದು ಗುಂಡಿ ಟಪ್ಪೆಂದು ಮೇಲೇಳುತ್ತದೆ. ಹನ್ನೊಂದು ವರ್ಷ ನಾನು ಅಷ್ಟೇ ಕೇಳಿದ್ದು. ಸ್ಟ್ರೀಮಿಂಗ್‌ನಲ್ಲಿ ಪೂರ್ತಿ ಹಾಡು ಸಿಕ್ಕಾಗ ಮೂರನೇ ಚರಣ ಚೆನ್ನಾಗಿತ್ತು, ಆದರೆ ಅದು ನನಗೆ ಪರಿಚಯವಿಲ್ಲದ ಯಾರದೋ ಮನೆಯ ಹಾಡಿನ ಹಾಗಿತ್ತು. ಡಿಸ್ಕಿನಲ್ಲಿ ಎರಡನ್ನೂ ಇಟ್ಟಿದ್ದೇನೆ. ಕೇಳುವುದು ಟಪ್ಪೆಂದು ನಿಲ್ಲುವುದನ್ನೇ.