‘ಮಿಡ್‌ಬ್ರೇನ್ ಆಕ್ಟಿವೇಶನ್’ ಶಿಬಿರ, ದಾವಣಗೆರೆ

ಬೇಸಿಗೆ ರಜೆಯಲ್ಲಿ ದಾವಣಗೆರೆಯ ಬಡಾವಣೆಯೊಂದರಲ್ಲಿ ನಡೆದ ಈ ಶಿಬಿರಕ್ಕೆ ಅಣ್ಣನ ಮಗಳನ್ನು ಸೇರಿಸಿದ್ದೆವು. ಕೊಠಡಿಗಳು ಸ್ವಚ್ಛವಾಗಿದ್ದವು, ಶಿಕ್ಷಕಿಯರು ತಾಳ್ಮೆಯವರು. ಆ ಬಗ್ಗೆ ದೂರಿಲ್ಲ. ಆದರೆ ಸುಪ್ತವಾಗಿರುವ ಮಧ್ಯಮಿದುಳನ್ನು (ಮಿಡ್‌ಬ್ರೇನ್) ಎಚ್ಚರಿಸಿದರೆ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದಬಲ್ಲರೆಂಬ ಪ್ರಚಾರಕ್ಕೆ ನರವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಮಧ್ಯಮಿದುಳು ಸುಪ್ತವಾಗಿರುವ ಭಾಗವೇ ಅಲ್ಲ: ಕಣ್ಣುಗುಡ್ಡೆಗಳ ಚಲನೆ, ಬೆಳಕಿಗೆ ಪಾಪೆ ಕಿರಿದಾಗುವುದು, ಸದ್ದು ಬಂದತ್ತ ತಿರುಗುವುದು ಇವೆಲ್ಲವುಗಳಲ್ಲಿ ಅದು ಹುಟ್ಟಿನಿಂದಲೇ ತೊಡಗಿರುತ್ತದೆ, ಮತ್ತು ಅಲ್ಲಿನ, ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳು ನಶಿಸಿದಾಗಲೇ ಪಾರ್ಕಿನ್ಸನ್ ಕಾಯಿಲೆಯ ನಡುಕ, ಬಿಗಿತಗಳು ಕಾಣಿಸಿಕೊಳ್ಳುತ್ತವೆ. ಪ್ರದರ್ಶನದ ದಿನ ಮಕ್ಕಳು ಕಾರ್ಡನ್ನು ಮೂಗಿನ ಕೆಳಗೇ ಹಿಡಿಯುತ್ತಿದ್ದರು. ಕಣ್ಣುಪಟ್ಟಿಯ ಕೆಳಗಿನ ಸಂದಿಯನ್ನು ಹತ್ತಿಯಿಂದ ಮುಚ್ಚೋಣವೆಂದಾಗ ಆಯೋಜಕರು ಒಪ್ಪಲಿಲ್ಲ.

ಸ್ಮರಣಶಕ್ತಿಯ ಕಂಪ್ಯೂಟರ್ ಆಟಗಳನ್ನು ಇಷ್ಟು ಸಾರಾಸಗಟಾಗಿ ತಳ್ಳಿಹಾಕಲಾಗದು. ಆದರೂ ಇಂಥ ತರಬೇತಿಗಳ ಅಧ್ಯಯನಗಳನ್ನು 2016ರಲ್ಲಿ ಮನೋವಿಜ್ಞಾನಿ ಡೇನಿಯಲ್ ಸೈಮನ್ಸ್ ಮತ್ತು ಸಹೋದ್ಯೋಗಿಗಳು ಒಟ್ಟಾಗಿ ಪರಿಶೀಲಿಸಿದಾಗ, ಅಭ್ಯಾಸ ಮಾಡಿದ ಆಟದಲ್ಲಿ ಕೈ ಪಳಗುತ್ತದೆಯೇ ಹೊರತು ಅದರ ಲಾಭ ದಿನನಿತ್ಯದ ಕೆಲಸಗಳಿಗೆ ಹರಡುತ್ತದೆಂಬುದಕ್ಕೆ ಪುರಾವೆ ತೀರಾ ಕಡಿಮೆಯೆಂದು ಕಂಡುಬಂತು. ಅದೇ ಕೇಂದ್ರದ ಚೆಸ್ ತರಗತಿ ಮಾತ್ರ ಚೆನ್ನಾಗಿದೆ; ಅದಕ್ಕೆ ಪ್ರತ್ಯೇಕವಾಗಿ ಸೇರಬಹುದು.