ಫಿಬಾ ಸ್ಕೋರ್‌ಶೀಟ್ ಪ್ಯಾಡ್: ಶಾಲಾ ಟೂರ್ನಿಗೆ ಸಾಕೇ?

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ನಮೂನೆಯ, ಪಂದ್ಯಕ್ಕೆ ನಾಲ್ಕು ಪ್ರತಿ ಮೂಡುವ ಕಾರ್ಬನ್‌ರಹಿತ ಪ್ಯಾಡ್ ಇದು. ಜೆಲ್ ಪೆನ್ ಬೇಡ, ಕೊನೆಯ ಹಳದಿ ಪ್ರತಿಗೆ ಅಕ್ಷರ ಇಳಿಯುವುದೇ ಇಲ್ಲ. ಬಾಲ್‌ಪಾಯಿಂಟ್‌ನಲ್ಲಿ ಒತ್ತಿ ಬರೆಯಿರಿ, ಅಡಿಯಲ್ಲಿ ರಟ್ಟು ಇಡಿ. ಇಲ್ಲದಿದ್ದರೆ ಮುಂದಿನ ಪಂದ್ಯದ ಹಾಳೆಯೂ ಹಾಳು.

ಇದರ ನಿಜವಾದ ಪರೀಕ್ಷೆ ಟೆಕ್ನಿಕಲ್ ಫೌಲ್ (ಮೈತಾಕಿಸಿದ್ದಕ್ಕಲ್ಲ, ವರ್ತನೆಗೆ ಕೊಡುವ ಫೌಲ್) ಬಿದ್ದಾಗ. ಆಟಗಾರನ ಸಾಲಿನಲ್ಲಿ ಫೌಲ್ ಬರೆಯಲು ಐದು ಚೌಕಗಳಿವೆ. ಅಂಪೈರ್ ಜತೆ ವಾದ ಮಾಡಿದವನಿಗೆ 'ಟಿ', ಪಕ್ಕದಲ್ಲಿ ಸಣ್ಣದಾಗಿ 1, ಅಂದರೆ ಎದುರಾಳಿಗೆ ಒಂದು ಫ್ರೀ ಥ್ರೋ. ಅವನಿಗೇ ಇನ್ನೊಂದು 'ಟಿ' ಅಥವಾ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾಸ್ಫೂರ್ತಿಗೆ ವಿರುದ್ಧವಾದ) ಫೌಲ್ 'ಯು' ಬಿದ್ದರೆ ಮುಂದಿನ ಚೌಕದಲ್ಲಿ 'ಜಿಡಿ', ಅಂದರೆ ಪಂದ್ಯದಿಂದಲೇ ಅನರ್ಹ, ಎಂದು ಬರೆಯಬೇಕು. ಅವನು ಬೆಂಚಿನಲ್ಲೂ ಕೂರುವಂತಿಲ್ಲ. ಡ್ರೆಸಿಂಗ್ ರೂಮಿಗೆ ಹೋಗಬೇಕು, ಇಲ್ಲವೇ ಕಟ್ಟಡ ಬಿಟ್ಟು ಹೊರಡಬೇಕು. ಐದು ಫೌಲ್ ಆಗಿ ಆಟದಿಂದ ಹೊರಬಿದ್ದವನ ಕಥೆ ಬೇರೆ, ಅವನು ಬೆಂಚಿಗೆ ಬರಬಹುದು. ಶಾಲಾ ಪಂದ್ಯಗಳಲ್ಲಿ ಇವೆರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು.

ಕೋಚ್ ಸಾಲು ಮಾತ್ರ ಇಕ್ಕಟ್ಟು: ಮೂರೇ ಚೌಕ. ಸ್ವಂತ ವರ್ತನೆಗೆ 'ಸಿ', ಬೆಂಚಿನವರ ಗಲಾಟೆಗೆ 'ಬಿ'. ಎರಡು 'ಸಿ' ಆದರೆ ಹೊರಗೆ. 'ಬಿ' ಸೇರಿ ಮೂರಾದರೂ ಹೊರಗೆ. ಮೂರು ತುಂಬಿದ ಮೇಲೆ 'ಜಿಡಿ'ಗೆ ಜಾಗವೇ ಇಲ್ಲ, ಅಂಚಿನಲ್ಲಿ ತುರುಕಬೇಕು. ಇದೊಂದು ವಿನ್ಯಾಸ ದೋಷವೇ ಸರಿ.

ಹೊಸ ಸ್ಕೋರರ್‌ಗಳು ಎಡವುವುದು ಟೀಮ್ ಫೌಲ್ (ತಂಡದ ಒಟ್ಟು ಫೌಲ್) ಲೆಕ್ಕದಲ್ಲಿ: ಆಟಗಾರನ 'ಟಿ' ಅದಕ್ಕೆ ಸೇರುತ್ತದೆ, ಕೋಚ್‌ನ 'ಸಿ', 'ಬಿ' ಸೇರುವುದಿಲ್ಲ. ಹಾಳೆಯಲ್ಲಿ ಈ ಸೂಚನೆ ಎಲ್ಲೂ ಅಚ್ಚಾಗಿಲ್ಲ.

ದಾಖಲೆ ಕೇಳುವ ಟೂರ್ನಿಗೆ ಕೊಳ್ಳಿ. ಅಭ್ಯಾಸ ಪಂದ್ಯಕ್ಕೆ ಜೆರಾಕ್ಸ್ ಸಾಕು.