ಬಾತ್ ನಗರದಲ್ಲಿ ಕ್ರಿಸ್‌ಮಸ್‌ನ ಮೂರು ರಾತ್ರಿಗಳು: ಒಂದು ದುಬಾರಿ ಪ್ಯಾಕೇಜಿನ ವಿಮರ್ಶೆ

ಇಂಗ್ಲೆಂಡಿನಲ್ಲಿ ಡಿಸೆಂಬರ್ 25ರಂದು ರೈಲುಗಳು ಓಡುವುದಿಲ್ಲ. ಲಂಡನ್ನಿನ ಅಂಡರ್‌ಗ್ರೌಂಡ್ ಮತ್ತು ಬಸ್ಸುಗಳು ದಿನವಿಡೀ ನಿಂತಿರುತ್ತವೆ, ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯಬಾರದೆಂದು 2004ರ ಕಾಯ್ದೆಯೇ ಹೇಳುತ್ತದೆ, ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೂ ರಜೆ. ಅಲ್ಲಿ ಮನೆಯಾಗಲೀ ಬಂಧುಬಳಗವಾಗಲೀ ಇಲ್ಲದ ಪ್ರವಾಸಿಗರು ಒಂದು ಹೊತ್ತಿನ ಊಟಕ್ಕೂ ಪರದಾಡಬೇಕಾಗಬಹುದು. ದೊಡ್ಡ ಹೋಟೆಲುಗಳು ಮಾರುವ ಕ್ರಿಸ್‌ಮಸ್ ಪ್ಯಾಕೇಜಿಗೆ ಬೆಲೆ ಬರುವುದೇ ಈ ಕಾರಣದಿಂದ. ಮೆತ್ತನೆಯ ಹಾಸಿಗೆ, ಅಗ್ಗಿಷ್ಟಿಕೆ, ಚೆಂದದ ಸ್ನಾನದ ಮನೆ ವರ್ಷದ ಯಾವ ದಿನವಾದರೂ ಸಿಗುತ್ತವೆ. 25ರ ಬೆಳಗಿನಿಂದ ರಾತ್ರಿಯವರೆಗೆ ಅತಿಥಿಯ ಪೂರ್ತಿ ಹೊಣೆಯನ್ನು ಹೊರುವುದಕ್ಕಾಗಿ ಅವರು ಹೆಚ್ಚಿನ ಹಣ ಕೇಳುತ್ತಾರೆ, ನಾವು ಕೊಡುತ್ತೇವೆ. ಕಳೆದ ಕ್ರಿಸ್‌ಮಸ್‌ನಲ್ಲಿ ನಾನು, ನನ್ನ ಪತಿ ಮತ್ತು 71 ವರ್ಷದ ಅತ್ತೆಯವರು ಬಾತ್ ನಗರದ ಒಂದು ಹೋಟೆಲಿನಲ್ಲಿ ತಂಗಿದ್ದೆವು. ಆ ವಾಸ್ತವ್ಯವನ್ನು ನಾನು ಈ ಒಂದು ಅಳತೆಗೋಲಿನಿಂದಲೇ ನೋಡುತ್ತಿದ್ದೇನೆ.

ಜೂನ್ ತಿಂಗಳಲ್ಲೇ ಕೋಣೆಗಳನ್ನು ಕಾಯ್ದಿರಿಸಿದ್ದೆವು. 24ರಂದು ಬಂದು 27ರಂದು ಹೊರಡುವ ಈ ಪ್ಯಾಕೇಜನ್ನು ಒಡೆದು ಕೊಡುವುದಿಲ್ಲ, ನವೆಂಬರ್ ಮೊದಲ ವಾರದೊಳಗೆ ಪೂರ್ತಿ ಹಣ ಸಂದಾಯವಾಗಬೇಕು, ಆಮೇಲೆ ರದ್ದು ಮಾಡಿದರೆ ಒಂದು ಪೌಂಡ್ ಕೂಡ ಹಿಂದಿರುಗುವುದಿಲ್ಲ ಎಂಬ ಷರತ್ತುಗಳಿಗೆ ಒಪ್ಪಿ, ಎರಡು ಕೋಣೆಗಳಿಗೆ 3,900 ಪೌಂಡ್ ಕಟ್ಟಿದೆವು. ಶೇ 20ರ ವ್ಯಾಟ್, 24ರ ಮಧ್ಯಾಹ್ನದ ಚಹಾ, ಮೂರು ದಿನದ ಬೆಳಗಿನ ತಿಂಡಿ, 25ರ ಹಬ್ಬದೂಟ ಮತ್ತು ಎರಡು ರಾತ್ರಿಯೂಟಗಳು ಅದರಲ್ಲೇ ಸೇರಿದ್ದವು. ಪಾನೀಯಗಳಿಗೆ ಬೇರೆ ಬಿಲ್. ಅತ್ತೆಯವರೂ ನಾನೂ ಸಸ್ಯಾಹಾರಿಗಳೆಂದು, ಮಾಂಸದ ಜೊತೆಗೆ ಪ್ರಾಣಿಜನ್ಯ ಕೊಬ್ಬೂ ಕೂಡದೆಂದು ಎರಡು ಬಾರಿ ಬರೆದು ತಿಳಿಸಿದ್ದೆ. ಎರಡು ಬಾರಿಯೂ ಸೌಜನ್ಯದ ಉತ್ತರ ಬಂದಿತ್ತು.

ಬಾತ್‌ಗೆ ಹೋಗುವ ಕೆಲವು ದಿನಗಳ ಮೊದಲು ಲಂಡನ್ನಿನಲ್ಲಿ ಬ್ರಿಟಿಷ್ ಪುಲ್‌ಮನ್ ಎಂಬ ಐಷಾರಾಮಿ ರೈಲಿನ ಹಬ್ಬದೂಟಕ್ಕೆ ಹೋಗಿದ್ದೆವು. ಇಡೀ ಪ್ರವಾಸದಲ್ಲಿ ಕೊಟ್ಟ ಹಣ ಸಾರ್ಥಕವೆಂದು ಮೂವರಿಗೂ ಒಂದೇ ಸಮನಾಗಿ ಅನ್ನಿಸಿದ್ದು ಅಲ್ಲಿ. ರೈಲು ವಿಕ್ಟೋರಿಯಾ ನಿಲ್ದಾಣದಿಂದ ಹೊರಟು, ಹಳ್ಳಿಗಾಡನ್ನು ಸುತ್ತಿ, ಮತ್ತೆ ವಿಕ್ಟೋರಿಯಾಕ್ಕೇ ಬರುತ್ತದೆ. ಊಟ ಮುಗಿಯುವುದಕ್ಕೂ ನಿಲ್ದಾಣ ಬರುವುದಕ್ಕೂ ಸರಿಯಾಗುತ್ತದೆ. ಬೋಗಿಗಳೆಲ್ಲ ಹಳೆಯವು, ಒಂದೊಂದಕ್ಕೂ ಒಂದೊಂದು ಹೆಸರು. ‘ಐಬಿಸ್’ 1925ರದು, ‘ಪರ್ಸಿಯಸ್’ 1965ರಲ್ಲಿ ಚರ್ಚಿಲ್ಲರ ಅಂತ್ಯಯಾತ್ರೆಯ ರೈಲಿನಲ್ಲಿ ಸಾಗಿದ್ದು, ನಮಗೆ ಸಿಕ್ಕ ‘ಆಡ್ರಿ’ 1932ರಲ್ಲಿ ತಯಾರಾಗಿ, ಮುಂದೆ ‘ಬ್ರೈಟನ್ ಬೆಲ್’ ಎಂದು ಹೆಸರಾದ ರೈಲಿನಲ್ಲಿ ಓಡಿದ್ದು. ಗೋಡೆಯ ಹಲಗೆಗಳಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡಿದ್ದಾರೆ. ಶೌಚಾಲಯದ ನೆಲದಲ್ಲಿ ಕೂಡ ಪುಟ್ಟ ಪುಟ್ಟ ಕಲ್ಲುಗಳ ಮೊಸಾಯಿಕ್ ಚಿತ್ರವಿದೆ. ಬಿಳಿ ಕೋಟಿನ ಪರಿಚಾರಕರು ಸೂಪನ್ನು ಬಟ್ಟಲಿನ ಅರ್ಧಕ್ಕಷ್ಟೇ ಬಡಿಸಿ, ತಿರುವು ಕಳೆದು ಗಾಡಿ ನೇರ ಹಳಿಗೆ ಬಂದ ಮೇಲೆ ಉಳಿದದ್ದನ್ನು ತುಂಬುತ್ತಿದ್ದರು. ಮೇಜಿನ ಹಿತ್ತಾಳೆಯ ದೀಪ ಸಣ್ಣಗೆ ನಡುಗುತ್ತಿತ್ತು. ಹೊರಗೆ ಮೂರೂವರೆಗೇ ಬೆಳಕು ಕುಂದುತ್ತಿದ್ದಂತೆ ಆ ದೀಪದ ಹಳದಿ ಬೆಳಕು ಗಾಜಿನ ಮೇಲೆ ಬಿದ್ದು, ಕಿಟಕಿಯಲ್ಲಿ ಹೊಲಗಳ ಬದಲು ನಮ್ಮ ಮುಖಗಳೇ ಕಾಣತೊಡಗಿದವು. ನಮ್ಮ ಸಸ್ಯಾಹಾರದ ಐದು ಬಗೆಗಳಲ್ಲಿ ಯಾವುದೂ ಮಾಂಸವನ್ನು ತೆಗೆದು ಉಳಿದದ್ದನ್ನು ಕೊಟ್ಟಂತಿರಲಿಲ್ಲ, ಪ್ರತ್ಯೇಕವಾಗಿ ಯೋಚಿಸಿ ಮಾಡಿದ ಅಡುಗೆ ಅದು.

24ರಂದು ಬೆಳಗಿನ ರೈಲನ್ನೇ ಹಿಡಿದೆವು. ಪ್ಯಾಡಿಂಗ್‌ಟನ್‌ನಿಂದ ಬಾತ್ ಸ್ಪಾ ನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿಯಾದರೂ, ಆ ಸಂಜೆ ರೈಲುಗಳು ಬೇಗ ನಿಲ್ಲುತ್ತವೆ, ಹಳಿಗಳ ದೊಡ್ಡ ದುರಸ್ತಿ ಕೆಲಸಗಳನ್ನೂ ಇದೇ ರಜಾದಿನಗಳಿಗೆ ಇಟ್ಟುಕೊಳ್ಳುವ ರೂಢಿಯಿದೆ. ಹೋಟೆಲು ಜೇನಿನ ಬಣ್ಣದ ಬಾತ್ ಕಲ್ಲಿನಿಂದ ಕಟ್ಟಿದ ಜಾರ್ಜಿಯನ್ ಕಾಲದ ಮನೆ. ಕೋಟುಗಳನ್ನು ತೆಗೆದುಕೊಂಡು, ಬೆಂಕಿಯ ಪಕ್ಕ ಕೂರಿಸಿ, ಬಿಸಿಬಿಸಿ ಮಿನ್ಸ್ ಪೈ ತಂದಿಟ್ಟರು. ‘ಮಿನ್ಸ್’ ಎಂದರೆ ಕೊಚ್ಚಿದ ಮಾಂಸ, ಹೆಸರು ಕೇಳಿ ಅತ್ತೆಯವರು ಕೈ ಹಿಂದಕ್ಕೆಳೆದುಕೊಂಡರು. ಅದರಲ್ಲಿ ಹಿಂದೆ ನಿಜವಾಗಿಯೂ ಮಾಂಸವಿರುತ್ತಿತ್ತು. ಈಗ ಒಣದ್ರಾಕ್ಷಿ, ಹಣ್ಣಿನ ಸಿಪ್ಪೆ ಮತ್ತು ಮಸಾಲೆಯ ಹೂರಣವಿದ್ದರೂ, ಅದಕ್ಕೆ ಸೇರಿಸುವ ಸೂಯೆಟ್ ಎಂಬ ಕೊಬ್ಬು ಸಾಂಪ್ರದಾಯಿಕವಾಗಿ ದನದ್ದು. ಸ್ವಾಗತದ ಮೇಜಿನಲ್ಲಿದ್ದ ಯುವಕ ನಾವು ಕೇಳುವ ಮೊದಲೇ ಅಡುಗೆಮನೆಗೆ ಹೋಗಿ ವಿಚಾರಿಸಿ, ಇದರಲ್ಲಿರುವುದು ಸಸ್ಯಜನ್ಯ ಸೂಯೆಟ್ ಎಂದು ಖಚಿತಪಡಿಸಿದ. ಇಂಥ ಕಾಳಜಿಯೇ ಕೊನೆಯವರೆಗೂ ಇರುತ್ತದೆಂದು ನಾನು ನಂಬಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಹೋಟೆಲಿನ ಜಾಹೀರಾತು ಪುಸ್ತಿಕೆಯ ಮುಖಪುಟದಲ್ಲಿ ಬಾತ್‌ನ ಪ್ರಸಿದ್ಧ ಕ್ರಿಸ್‌ಮಸ್ ಮಾರುಕಟ್ಟೆಯ ಮರದ ಮಳಿಗೆಗಳ ಚಿತ್ರವಿತ್ತು. ಆ ಮಾರುಕಟ್ಟೆ ನವೆಂಬರ್ ಕೊನೆಯಲ್ಲಿ ಆರಂಭವಾಗಿ ಡಿಸೆಂಬರ್ ಮಧ್ಯದಲ್ಲೇ ಮುಗಿದುಹೋಗುತ್ತದೆ. 24ರಂದು ಬರುವವರಿಗೆ ಒಂದು ಮಳಿಗೆಯೂ ಕಾಣಸಿಗದು. ಇದು ಸುಳ್ಳಲ್ಲದಿದ್ದರೂ ಗ್ರಾಹಕರನ್ನು ದಾರಿ ತಪ್ಪಿಸುವ ಚಿತ್ರ, ಅದನ್ನು ಅವರು ಬದಲಿಸಬೇಕು.

ಆ ರಾತ್ರಿ ಹೋಟೆಲಿನವರೇ ಆಸಕ್ತರನ್ನು ಬಾತ್ ಅಬೆ ಎಂಬ ಹಳೆಯ ಚರ್ಚಿನ ನಡುರಾತ್ರಿಯ ಪ್ರಾರ್ಥನೆಗೆ ಕರೆದೊಯ್ದರು. 973ರಲ್ಲಿ ಎಡ್ಗರ್ ದೊರೆಗೆ ಪಟ್ಟಾಭಿಷೇಕವಾದ ಜಾಗವದು. ಇಂದಿನ ಕಟ್ಟಡದ ಮುಂಭಾಗದಲ್ಲಿ ಕಲ್ಲಿನ ದೇವದೂತರು ಕಲ್ಲಿನ ಏಣಿ ಹತ್ತುತ್ತಿದ್ದಾರೆ, ಒಳಗೆ ಚಾವಣಿ ಬೀಸಣಿಗೆಗಳಂತೆ ಬಿಚ್ಚಿಕೊಂಡಿದೆ. ಹೊರಗಿನ ಕೊರೆಯುವ ಚಳಿಯಿಂದ ಒಳಗೆ ಬಂದವರಿಗೆ ಪಾದಕ್ಕೆ ಮೆಲ್ಲನೆ ಬಿಸಿ ತಾಗುತ್ತದೆ. ಪಕ್ಕದಲ್ಲೇ ಬಿಸಿನೀರಿನ ಬುಗ್ಗೆಯ ಮೇಲೆ ರೋಮನ್ನರು ಕಟ್ಟಿದ ಸ್ನಾನಗೃಹಗಳಿಂದ ಹರಿದುಹೋಗುವ ಬಿಸಿನೀರಿನ ಶಾಖವನ್ನು ಬಳಸಿಕೊಂಡು ಅಬೆಯ ನೆಲವನ್ನು ಬೆಚ್ಚಗಿಡುವ ವ್ಯವಸ್ಥೆ ಮಾಡಿದ್ದಾರೆ. ಗಂಟುನೋವಿರುವ ಅತ್ತೆಯವರು ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲಿ ನೆಮ್ಮದಿಯಾಗಿ ಕುಳಿತು ಹಾಡುಗಳನ್ನು ಕೇಳಿದರು. ಅದಕ್ಕೆ ಯಾರೂ ಟಿಕೆಟ್ ಕೇಳಲಿಲ್ಲ.

25ರ ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಗೆ ಕೂರಿಸಿದರು. ಪ್ರತಿ ತಟ್ಟೆಯ ಪಕ್ಕದಲ್ಲೂ ಒಂದು ಕ್ರ್ಯಾಕರ್: 1840ರ ದಶಕದಲ್ಲಿ ಲಂಡನ್ನಿನ ಮಿಠಾಯಿಗಾರ ಟಾಮ್ ಸ್ಮಿತ್ ಆರಂಭಿಸಿದ ಕಾಗದದ ಸುರುಳಿ ಇದು. ಎರಡೂ ಕಡೆಯಿಂದ ಎಳೆದರೆ ಚಟ್ಟೆಂದು ಬಿಚ್ಚಿ, ಕಾಗದದ ಕಿರೀಟವೊಂದು ಹೊರಬರುತ್ತದೆ. ಪಕ್ಕದ ಮೇಜಿನ ವೃದ್ಧ ದಂಪತಿ ತಾವೇ ಎದ್ದು ಬಂದು ಅತ್ತೆಯವರ ಕ್ರ್ಯಾಕರಿನ ಇನ್ನೊಂದು ತುದಿಯನ್ನು ಹಿಡಿದರು. ಪತಿಗೆ ಟರ್ಕಿ ಕೋಳಿ ಬಂತು, ನಮಗಿಬ್ಬರಿಗೆ ಬೀಜಗಳಿಂದ ಮಾಡಿದ ನಟ್ ರೋಸ್ಟ್, ಜೊತೆಗೆ ಹುರಿದ ಆಲೂಗಡ್ಡೆ. ಆಲೂಗಡ್ಡೆಯ ಹೊರಮೈ ಗಾಜಿನಂತೆ ಗರಿಗರಿಯಾಗಿ ಹೊಳೆಯುತ್ತಿತ್ತು. ಆ ಹೊಳಪನ್ನು ಕಂಡು ಅನುಮಾನ ಬಂದು ಕೇಳಿದೆ. ಬಡಿಸುತ್ತಿದ್ದ ಹುಡುಗಿ ಒಳಗೆ ಹೋಗಿ ಬಂದು, ಮುಖ ಸಣ್ಣದು ಮಾಡಿಕೊಂಡು, ಅದನ್ನು ಹೆಬ್ಬಾತಿನ ಕೊಬ್ಬಿನಲ್ಲಿ ಹುರಿದಿದ್ದಾರೆಂದು ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಬೇರೆ ತಟ್ಟೆಗಳು ಬರುವುದಕ್ಕೆ 35 ನಿಮಿಷ ಹಿಡಿಯಿತು. ಅಷ್ಟರಲ್ಲಿ ದೀಪಗಳನ್ನು ಆರಿಸಿ, ಬ್ರಾಂದಿ ಸುರಿದು ಹೊತ್ತಿಸಿದ ಕ್ರಿಸ್‌ಮಸ್ ಪುಡಿಂಗನ್ನು ನೀಲಿ ಜ್ವಾಲೆಯೊಂದಿಗೆ ಕೋಣೆಯ ತುಂಬ ಮೆರವಣಿಗೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನಾವಿಬ್ಬರೂ ಖಾಲಿ ಮೇಜಿನ ಮುಂದೆ ಕುಳಿತಿದ್ದೆವು. ಎರಡು ಬಾರಿ ಬರೆದು ತಿಳಿಸಿದ ವಿಷಯ ಆ ದಿನದ ಅಡುಗೆಯವರ ಕೈಗೆ ತಲುಪಿರಲೇ ಇಲ್ಲ. ನಾನು ಕೇಳದಿದ್ದರೆ ಅತ್ತೆಯವರು ಅದನ್ನು ತಿಂದುಬಿಡುತ್ತಿದ್ದರು ಎಂಬ ಸಂಕಟ ಈಗಲೂ ಹೋಗಿಲ್ಲ. ಹಬ್ಬದ ಹೊಣೆ ಹೊರುತ್ತೇವೆಂದು ಹಣ ಪಡೆದವರು ಆ ಹೊಣೆಯಲ್ಲಿ ಅತಿ ಮುಖ್ಯವಾದದ್ದನ್ನೇ ಕೈಬಿಟ್ಟಿದ್ದರು.

ಮೂರು ಗಂಟೆಗೆ ಟಿವಿಯಲ್ಲಿ ಬ್ರಿಟನ್ ದೊರೆಯ ಕ್ರಿಸ್‌ಮಸ್ ಭಾಷಣ. 1932ರಲ್ಲಿ ಐದನೇ ಜಾರ್ಜ್ ರೇಡಿಯೊದಲ್ಲಿ ಆರಂಭಿಸಿದ ಪದ್ಧತಿಯಿದು. ಅದು ಮುಗಿದೊಡನೆ, ಸೂರ್ಯಾಸ್ತಕ್ಕೆ ಒಂದು ಗಂಟೆಯೂ ಇಲ್ಲದ್ದರಿಂದ, ರಾಯಲ್ ಕ್ರೆಸೆಂಟಿನ ಕಡೆ ನಡೆದೆವು. 1767ರಿಂದ 1775ರವರೆಗೆ ಕಟ್ಟಿದ 30 ಮನೆಗಳು ಅರ್ಧಚಂದ್ರಾಕಾರವಾಗಿ ಹುಲ್ಲುಹಾಸನ್ನು ಬಳಸಿ ನಿಂತಿವೆ. ವಾಹನದ ಸದ್ದಿಲ್ಲದ ಆ ಹೊತ್ತಿನಲ್ಲಿ ಕಲ್ಲಿನ ಬಣ್ಣ ಜೇನಿನಿಂದ ಬೂದಿಗೆ ತಿರುಗುವುದನ್ನು ನೋಡುತ್ತ ನಿಂತದ್ದು ಈ ಪ್ರವಾಸದ ಅತ್ಯುತ್ತಮ ಅರ್ಧ ಗಂಟೆ.

26ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೋಮನ್ ಸ್ನಾನಗೃಹಗಳು 25 ಮತ್ತು 26ರಂದು ಮುಚ್ಚಿರುತ್ತವೆ. ಹೋಟೆಲಿನ ಈಜುಕೊಳ ಬೆಚ್ಚಗಿತ್ತು, ರಾತ್ರಿಯೂಟ ಚೆನ್ನಾಗಿತ್ತು. 27ರಂದು ಸಾಮಾನುಗಳನ್ನು ಹೋಟೆಲಿನಲ್ಲೇ ಬಿಟ್ಟು, ದಿನಕ್ಕೆ ಸುಮಾರು 11.7 ಲಕ್ಷ ಲೀಟರ್ ನೀರು 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕುವ ಆ ಸ್ನಾನಗೃಹಗಳನ್ನು ನೋಡಿಕೊಂಡು ಲಂಡನ್ನಿಗೆ ಮರಳಿದೆವು.

ಹೊರಡುವ ಮೊದಲು ವ್ಯವಸ್ಥಾಪಕರನ್ನು ಕಂಡು ನಡೆದದ್ದನ್ನು ಹೇಳಿದೆ. ಅವರು ವಾದ ಮಾಡದೆ ಕ್ಷಮೆ ಕೇಳಿ, ಎರಡು ಹಬ್ಬದೂಟಗಳ ಬೆಲೆಯನ್ನು ಪಾನೀಯದ ಬಿಲ್ಲಿನಲ್ಲಿ ಕಳೆದರು. ಆ ಬಿಲ್ಲಿಗೆ ಸೇರಿಸಿದ್ದ ಶೇ 12.5ರ ಸೇವಾಶುಲ್ಕವನ್ನೂ ತೆಗೆಯಲು ಮುಂದಾದಾಗ ನಾನು ಬೇಡವೆಂದೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಈ ಹಣವೆಲ್ಲ ನೌಕರರಿಗೇ ಸೇರಬೇಕೆಂಬ ಕಾನೂನಿದೆ, ತಟ್ಟೆ ಎತ್ತಿಕೊಂಡು ಹೋದ ಆ ಹುಡುಗಿ ತನ್ನ ಹಬ್ಬವನ್ನು ಬಿಟ್ಟು ನಮಗೆ ಬಡಿಸಿದ್ದಳು. ಐದರಲ್ಲಿ ನಾನು ಮೂರು ಅಂಕ ಕೊಡುತ್ತೇನೆ. ಮಾಂಸಾಹಾರಿಗಳಾಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆವೇನೋ. ಸಸ್ಯಾಹಾರಿಗಳು ಇಂಥ ಪ್ಯಾಕೇಜ್ ಕೊಳ್ಳುವುದಾದರೆ, ಕಾಯ್ದಿರಿಸುವಾಗ ಬರೆದ ಪತ್ರವನ್ನೇ ನೆಚ್ಚಿಕೊಳ್ಳದೆ, 24ರ ಸಂಜೆ ಮುಖ್ಯ ಅಡುಗೆಯವರನ್ನೇ ಕರೆಸಿ, ಆಲೂಗಡ್ಡೆಯ ಎಣ್ಣೆ, ಗ್ರೇವಿ, ಪುಡಿಂಗಿನ ಸೂಯೆಟ್ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿಕೊಳ್ಳಬೇಕು.